ಮೂರನೆಯ ಲೋಟದ ಬದಲು



ಏಕಾದಶಿಯ ದಿನ ಬೆಳಗ್ಗೆ ಹತ್ತು ದಾಟುತ್ತಿದ್ದ ಹಾಗೆ ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತಾರೆ. ಏನಾಯಿತು ಎಂದರೆ, 'ಪಿತ್ತ ಕೆರಳಿದೆ, ಹೊಟ್ಟೆ ಖಾಲಿ ಅಲ್ಲವಾ' ಎಂಬ ಉತ್ತರ. ಮಾರನೆಯ ದಿನ ಪಾರಣೆಗೆ ಎಲೆ ಹಾಕುವ ಮುಂಚೆಯೇ ಒಂದು ಲೋಟ ಬಿಸಿ ಕಾಫಿ ಒಳಗೆ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಪಿತ್ತ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಡೀ ದಿನದ ಹಸಿವು ಹಾಗೇ ಇದೆ, ತಲೆನೋವು ಮಾತ್ರ ಇಳಿದಿದೆ. ರಂಜಾನ್ ಉಪವಾಸದ ಮೊದಲ ಕೆಲವು ದಿನ ಇದೇ ತಲೆನೋವು ಕಾಣಿಸಿಕೊಳ್ಳುವುದುಂಟು. ಭಾನುವಾರ ಒಂಬತ್ತಕ್ಕೆ ಏಳುವ ನೌಕರರಿಗೆ ಬರುತ್ತದೆ. ಆಪರೇಷನ್‌ಗೆಂದು ಹಿಂದಿನ ರಾತ್ರಿಯಿಂದ ಏನೂ ಕುಡಿಯದೆ ಮಲಗಿದ ರೋಗಿಗಳಿಗೂ ಬರುತ್ತದೆ. ಇವರಲ್ಲಿ ಹೆಚ್ಚಿನವರದು ಪಿತ್ತವಲ್ಲ, ಕೆಫೀನು ಸಿಗದ ಮಿದುಳಿನ ತಗಾದೆ.

ಅದು ಆಗುವುದು ಹೀಗೆ. ನಾವು ಎಚ್ಚರವಾಗಿರುವ ಹೊತ್ತಿನಲ್ಲಿ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸ್ವಲ್ಪಸ್ವಲ್ಪವೇ ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತರೆ ನಮಗೆ ಆಕಳಿಕೆ, ಮಂಪರು. ಕೆಫೀನಿನ ಆಕಾರ ಅಡಿನೋಸಿನ್ನಿನ ಆಕಾರಕ್ಕೆ ಹತ್ತಿರ. ನಮ್ಮ ಕೆಂಪು ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಅದು ಮೊದಲೇ ಜಾಗ ಹಿಡಿದುಬಿಡುತ್ತದೆ. ನಿದ್ದೆಯ ಸುದ್ದಿ ಬಾಗಿಲಲ್ಲೇ ನಿಲ್ಲುತ್ತದೆ. ದಿನಾ ಹೀಗೇ ಆದರೆ ಮಿದುಳೂ ಸುಮ್ಮನಿರುವುದಿಲ್ಲ, ಹೆಚ್ಚು ಜಾಗ ಮಾಡಿಕೊಳ್ಳುತ್ತದೆ. ಆಗ ಒಂದು ದಿನ ಕೆಫೀನು ಬರದೇ ಹೋದರೆ ಅಡಿನೋಸಿನ್ನಿನದೇ ದರ್ಬಾರು. ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನ ಜೋರಾಗಿದ್ದು, ವಾರದೊಳಗೆ, ಕೆಲವರಿಗೆ ಒಂಬತ್ತು ದಿನದೊಳಗೆ ಇದು ತಾನಾಗಿ ಹೋಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ತನ್ನ ಕೈಪಿಡಿಯಲ್ಲಿ ಇದನ್ನು ಒಂದು ತೊಂದರೆಯೆಂದೇ ದಾಖಲಿಸಿದೆ. ಇನ್ನೊಂದು ತಮಾಷೆ ಇದೆ. ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನನ್ನೂ ಸೇರಿಸಿರುತ್ತಾರೆ. ಕಾಫಿ ಬಿಟ್ಟೆ ಎಂದು ಮಾತ್ರೆ ನುಂಗಿದವರು ಹಿತ್ತಲ ಬಾಗಿಲಿನಿಂದ ಅದನ್ನೇ ಒಳಗೆ ಕರೆದಿರುತ್ತಾರೆ.

ಏಕಾದಶಿ ಮಾಡುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಷ್ಟಮಿಯಿಂದಲೇ ದಿನಕ್ಕೊಂದು ಲೋಟದಂತೆ ಇಳಿಸಿಕೊಂಡು ಬನ್ನಿ. ಉಪವಾಸದ ದಿನ ದೇವರ ಕಡೆ ಮನಸ್ಸು ಹೋಗುತ್ತದೆ, ಅಡುಗೆಮನೆಯ ಫಿಲ್ಟರಿನ ಕಡೆ ಹೋಗುವುದಿಲ್ಲ.

ಲೋಟ ಇಳಿಸುವುದು ಸುಲಭವಲ್ಲ ಎಂದು ಬಲ್ಲೆ. ನಾನು ಇರುವುದು ವಿಜಯವಾಡದ ಭವಾನಿಪುರಂನಲ್ಲಿ. ಮನೆಯಿಂದ ಸ್ವಲ್ಪ ದೂರ ನಡೆದರೆ ಕೃಷ್ಣೆ, ಪುನ್ನಮಿ ಘಾಟ್, ಎದುರಿಗೆ ನದಿಯ ನಡುವೆ ಭವಾನಿ ದ್ವೀಪ. ಕೆಳಗಡೆ ಪ್ರಕಾಶಂ ಬ್ಯಾರೇಜು, ಅದರ ಪಕ್ಕದ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆ. ಇನ್ನೊಂದು ಕಡೆ ಗೊಲ್ಲಪೂಡಿಯ ಸಗಟು ಮಾರುಕಟ್ಟೆ. ಲಾರಿ, ಆಟೋ, ಹಮಾಲಿ, ಗುಮಾಸ್ತ, ಭಕ್ತಾದಿ, ಯಾತ್ರಿಕರು, ಇವರೆಲ್ಲರ ನಡುವೆ ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಆರದೆ ಉರಿಯುವುದು ಟೀ ಅಂಗಡಿಯ ಒಲೆ. ಕನಕದುರ್ಗೆಯ ಭಕ್ತರು ಹಿಡಿಯುವ ಭವಾನಿ ದೀಕ್ಷೆಯ ದಿನಗಳಲ್ಲಿ ಕೆಂಪು ಬಟ್ಟೆ ತೊಟ್ಟು ಮಾಲೆ ಹಾಕಿದವರು ಮದ್ಯ, ಮಾಂಸ, ಚಪ್ಪಲಿ ಎಲ್ಲ ಬಿಡುತ್ತಾರೆ. ಟೀ ಅಂಗಡಿಯ ಮುಂದೆ ಮಾತ್ರ ಅವರೂ ನಮ್ಮ ಜೊತೆಗೇ ನಿಂತಿರುತ್ತಾರೆ. ಯಾರ ಮನೆಗೆ ಹೋದರೂ ಕೂರುವ ಮೊದಲೇ ಪ್ರಶ್ನೆ: 'ಕಾಫೀನಾ, ಟೀನಾ ಅಂಡಿ?' ಮೂರನೆಯದೊಂದು ಇದೆ ಎಂದು ಆ ಪ್ರಶ್ನೆ ಒಪ್ಪುವುದೇ ಇಲ್ಲ.

ಇಲ್ಲಿನ ಕನ್ನಡದ ಮನೆಗಳಲ್ಲಿ ಕಾಫಿಯದೇ ಪಾರುಪತ್ಯ. ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ, ಗುಂತಕಲ್ಲು ಹಾದು ಬರುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ನೆಂಟರು ಬಂದರೆಂದರೆ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೊತೆ ಕಾಫಿಪುಡಿಯ ಪೊಟ್ಟಣ ಇರಲೇಬೇಕು. ಬೆಳಗ್ಗೆ ಎದ್ದಾಗ ಒಂದು, ತಿಂಡಿಯ ಹಿಂದೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ನಾಲ್ಕೂವರೆಗೆ ಒಂದು, ಯಾರಾದರೂ ಬಂದರೆ ಅವರ ನೆಪದಲ್ಲಿ ಇನ್ನೊಂದು.

ಈ ಲೋಟಗಳ ಲೆಕ್ಕವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ನಮಗಾಗಿ ಹಾಕಿಕೊಟ್ಟಿದೆ. 2024ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ಅದು ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರಿನ ಒಂದು ಲೋಟ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನು, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂದು ಸಂಸ್ಥೆಯ ಸಲಹೆ. ಹಾಲು ಹೆಚ್ಚು ಸುರಿಯುವ ನಮ್ಮ ಲೋಟದಲ್ಲಿ ಎಷ್ಟಿದೆ ಎನ್ನುವುದು ಡಿಕಾಕ್ಷನ್ ಎಷ್ಟು ಗಟ್ಟಿ ಎನ್ನುವುದರ ಮೇಲೆ ಹೋಗುತ್ತದೆ, ನಿಜ. ಆದರೂ ಐದು ಲೋಟದವರು ಗೆರೆ ದಾಟಿರುವ ಸಂಭವವೇ ಹೆಚ್ಚು.

ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯ ಆರೋಗ್ಯದ ದೊಡ್ಡವರಿಗೆ ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಇದು ಎರಡು ಮೂರು ಪಟ್ಟು ನಿಧಾನ. ಅದಕ್ಕೇ ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಸೇವಿಸುವ ಗರ್ಭಿಣಿಯರು ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಕೆಫೀನು ಬೇಗ ಕರಗುತ್ತದೆ. ಅಂಥವರು ಸಿಗರೇಟು ಬಿಟ್ಟ ವಾರದಲ್ಲಿ ಅದೇ ಎರಡು ಲೋಟ ಕಾಫಿಗೆ ಎದೆ ಢವಢವ ಎನ್ನತೊಡಗುತ್ತದೆ. ಸಿಗರೇಟು ಬಿಟ್ಟದ್ದರಿಂದಲೇ ಆರೋಗ್ಯ ಕೆಟ್ಟಿತು ಎಂದು ಮತ್ತೆ ಹಚ್ಚಿದವರೂ ಉಂಟು!

ಮತ್ತೊಂದು ಸಂಗತಿ ಊಟದ ಹಿಂದೆಯೇ ಕುಡಿಯುವ ಲೋಟದ್ದು. ಚಹಾ ಕಾಫಿಗಳ ಒಗರಿನ ಅಂಶ, ಟ್ಯಾನಿನ್, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಇವುಗಳನ್ನು ಕುಡಿಯಬೇಡಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಕಂಡದ್ದು ಆಂಧ್ರದಲ್ಲಿ ನೂರಕ್ಕೆ ಸುಮಾರು 59 ಮಂದಿಗೆ, ಕರ್ನಾಟಕದಲ್ಲಿ ಸುಮಾರು 48 ಮಂದಿಗೆ. ಇದಕ್ಕೆಲ್ಲ ಚಹಾವೇ ಕಾರಣ ಎನ್ನಲಾಗದು, ಬಡತನವಿದೆ, ಹೆರಿಗೆಗಳಿವೆ, ತಟ್ಟೆಯಲ್ಲಿ ಉಳಿದದ್ದನ್ನು ಉಣ್ಣುವ ಅಭ್ಯಾಸವಿದೆ. ಆದರೆ ಎಲ್ಲರಿಗೂ ಬಡಿಸಿ ಎರಡೂವರೆಗೆ ತಾನು ಉಂಡು, ಪಾತ್ರೆ ತೊಳೆದು, ಮೂರಕ್ಕೆ ಟೀ ಸೋಸಿಕೊಳ್ಳುವ ಹೆಣ್ಣುಮಗಳು ತಾನು ಉಂಡ ನುಗ್ಗೆಸೊಪ್ಪಿನ ಸಾರವನ್ನು ತಾನೇ ಕಳೆದುಕೊಳ್ಳುತ್ತಾಳೆ. ಆ ಟೀಯನ್ನು ನಾಲ್ಕಕ್ಕೆ ಸರಿಸಿದರೂ ಲಾಭವೇ.

ಹಾಗಾದರೆ ಕಡಿಮೆ ಮಾಡುವುದು ಹೇಗೆ? ಒಮ್ಮೆಲೇ ಬಿಡುವ ಶಪಥ ಬೇಡ. ಅದು ಮೂರನೆಯ ದಿನದ ತಲೆನೋವಿಗೆ ಮುರಿಯುತ್ತದೆ. ಬೆಳಗಿನ ಮೊದಲ ಲೋಟವನ್ನು ಬಿಡಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸುಖವಿದೆ, ಪರಿಮಳವಿದೆ, ಪೇಪರಿನ ಜೊತೆ ಕೂರುವ ಹತ್ತು ನಿಮಿಷವಿದೆ. ಎರಡನೆಯದನ್ನೂ ಬೇಕಾದರೆ ಇಟ್ಟುಕೊಳ್ಳಿ. ಸುಮ್ಮನೆ ಕೈ ಚಾಚಿ ಇಸಿದುಕೊಳ್ಳುವ ಮೂರನೆಯದರಿಂದ ಕತ್ತರಿ ಶುರುವಾಗಲಿ. ಬೆಂಗಳೂರಿನವರಿಗೆ ಇದಕ್ಕೆ ಒಳ್ಳೆಯ ಉಪಾಯ ಮೊದಲೇ ಗೊತ್ತಿದೆ: ಬೈ ಟು. ಕಾಸು ಉಳಿಸಲು ಹುಟ್ಟಿದ ಆ ಪದ್ಧತಿಗಿಂತ ಒಳ್ಳೆಯ ಅಳತೆಗೋಲು ಯಾವ ವೈದ್ಯರ ಬಳಿಯೂ ಇಲ್ಲ.

ಇನ್ನೊಂದು ಉಪಾಯ ಕಾಫಿಪುಡಿ ಅಂಗಡಿಯಲ್ಲಿದೆ. ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯವರು 'ಚಿಕೋರಿ ಎಷ್ಟು ಹಾಕಲಿ?' ಎಂದು ಕೇಳುತ್ತಾರಲ್ಲ, ಅಲ್ಲೇ ನಿಮ್ಮ ಕೆಲಸ ಅರ್ಧ ಆಗುತ್ತದೆ. ಚಿಕೋರಿ ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತಿನ ಜಾಮ್‌ನಗರದ ಕಡೆ, ಉತ್ತರಪ್ರದೇಶದಲ್ಲಿ ಅದನ್ನು ಬೆಳೆದು, ಒಣಗಿಸಿ, ಹುರಿಯುತ್ತಾರೆ. ಬಣ್ಣ, ಕಹಿ, ಗಟ್ಟಿತನ ಎಲ್ಲ ಇದೆ, ಕೆಫೀನು ಚೂರೂ ಇಲ್ಲ. ಶುದ್ಧ ಕಾಫಿಯ ಅಭಿಮಾನಿಗಳು ಚಿಕೋರಿಯ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ, ಮುರಿಯಲಿ. 80ಕ್ಕೆ 20 ಕುಡಿಯುವವರು ಮುಂದಿನ ಸಲ 70ಕ್ಕೆ 30 ಮಾಡಿಸಿ, ಆ ಪುಡಿ ಮುಗಿದ ಮೇಲೆ 60ಕ್ಕೆ 40. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಚಿಕೋರಿ 49 ಪಾಲು ದಾಟುವಂತಿಲ್ಲ, ಪೊಟ್ಟಣದ ಮೇಲೆ ಎಷ್ಟೆಂದು ಅಚ್ಚು ಹಾಕಿರಲೂ ಬೇಕು. ಮನೆಯಲ್ಲಿ ಯಾರಿಗೂ ಹೇಳದೆ ಮಾಡಿದರೆ ಇನ್ನೂ ಒಳ್ಳೆಯದು, ಗೊತ್ತಾಗುವ ಹೊತ್ತಿಗೆ ನಾಲಗೆ ಒಗ್ಗಿರುತ್ತದೆ. ಹಾಗೆಯೇ ಬೀಜದ ಜಾತಿ. ರೊಬಸ್ಟಾದಲ್ಲಿ ಅರೇಬಿಕಾದ ಹತ್ತಿರಹತ್ತಿರ ಎರಡರಷ್ಟು ಕೆಫೀನಿದೆ. ಅಂಗಡಿಯ ಬೋರ್ಡಿನಲ್ಲಿ 'ಪ್ಲಾಂಟೇಷನ್ ಎ' ಎಂದು ಬರೆದಿರುವುದು ಅರೇಬಿಕಾ. ಬೆಲೆ ಜಾಸ್ತಿ. ಲೋಟ ಕಡಿಮೆಯಾದ ಮೇಲೆ ಆ ಬೆಲೆ ಭಾರವಾಗುವುದಿಲ್ಲ.

ಈಗ ಬದಲಿ ಪಾನೀಯದ ಮಾತು. ಇದನ್ನು ಬಹಳ ಹಿಂದೆಯೇ ತಲೆಗೆ ಹಚ್ಚಿಕೊಂಡವರು ಗಾಂಧೀಜಿ. 1913ರಲ್ಲಿ ದಕ್ಷಿಣ ಆಫ್ರಿಕಾದ ತಮ್ಮ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಗುಜರಾತಿಯಲ್ಲಿ ಲೇಖನಮಾಲೆ ಬರೆದರು. ಅದರಲ್ಲಿ ಚಹಾ, ಕಾಫಿ, ಕೋಕೋ ಮೂರನ್ನೂ ಬೈದು, ಬಿಡಲಾರದವರಿಗೆ ಗೋಧಿ ಕಾಫಿಯ ವಿಧಾನ ಕೊಟ್ಟರು. ಒಳ್ಳೆಯ ಗೋಧಿಯನ್ನು ಕೆಂಪಗಾಗಿ ಕಪ್ಪಿಗೆ ತಿರುಗುವವರೆಗೆ ಹುರಿದು, ಪುಡಿ ಮಾಡಿ, ಒಂದು ಚಮಚಕ್ಕೆ ಕುದಿಯುವ ನೀರು ಸುರಿಯುವುದು, ಬೇಕಾದರೆ ಹಾಲು ಸಕ್ಕರೆ. ಇದೇ ಗಾಂಧೀಜಿ 1921ರ ಮಾರ್ಚ್ 31 ಮತ್ತು ಏಪ್ರಿಲ್ 1ರಂದು ಬೆಜವಾಡದಲ್ಲಿ, ಅಂದರೆ ನಮ್ಮ ಇವತ್ತಿನ ವಿಜಯವಾಡದಲ್ಲಿ, ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆಗೆ ಬಂದಿದ್ದರು. ರೈಲ್ವೆ ನಿಲ್ದಾಣದ ಹತ್ತಿರದ ಗುಡ್ಡಕ್ಕೆ ಈಗ ಅವರದೇ ಹೆಸರಿದೆ, 1968ರಲ್ಲಿ ಅದರ ಮೇಲೆ ಸ್ಮಾರಕ ಸ್ತೂಪವೂ ಎದ್ದಿತು. ಸಭೆಯಲ್ಲಿ ಹುಟ್ಟಿದ ರಾಷ್ಟ್ರಧ್ವಜದ ಕಥೆ ಊರಿಗೆ ನೆನಪಿದೆ, ಗೋಧಿ ಕಾಫಿ ಯಾರಿಗೂ ನೆನಪಿಲ್ಲ. ಮಾಡಿ ನೋಡಿದವಳಾಗಿ ಹೇಳುತ್ತೇನೆ: ಬಣ್ಣ ಸರಿ, ಕಹಿ ಸರಿ, ಬೆಲ್ಲ ಹಾಕಿದರೆ ರುಚಿಯೂ ಪರವಾಗಿಲ್ಲ. ಕಾಫಿಯ ಪರಿಮಳ ಮಾತ್ರ ಗೋಧಿಗೆ ಬರುವುದಿಲ್ಲ, ಮಹಾತ್ಮರು ಹೇಳಿದರೂ ಬರುವುದಿಲ್ಲ.

ನನ್ನ ಮತ ಕಷಾಯಕ್ಕೆ. ನನ್ನ ತವರು ಸಾಗರದ ಕಡೆ. ಅಲ್ಲಿ ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ. ಆಮೇಲೆ 'ಆಸರಿಗೆ ಎಂತ ಮಾಡಲಿ?' ಎಂಬ ಪ್ರಶ್ನೆ. ಉತ್ತರ ಮಜ್ಜಿಗೆ ಇರಬಹುದು, ಪಾನಕ ಇರಬಹುದು, ಕಷಾಯ ಇರಬಹುದು, ಈಚೆಗೆ ಚಹಾ ಕಾಫಿಯೂ. ಕಷಾಯದ ಪುಡಿ ಹೀಗೆ ಮಾಡುತ್ತೇವೆ: ಕೊತ್ತಂಬರಿ ಬೀಜ ಎರಡು ಬಟ್ಟಲು, ಜೀರಿಗೆ ಒಂದು ಬಟ್ಟಲು, ಕಾಳುಮೆಣಸು ಒಂದು ದೊಡ್ಡ ಚಮಚ, ಮೆಂತ್ಯ ಒಂದು ಸಣ್ಣ ಚಮಚ, ಒಣಶುಂಠಿಯ ತುಂಡು, ಎರಡು ಏಲಕ್ಕಿ. ಬಾಣಲೆ ಬೆಚ್ಚಗಾದ ಮೇಲೆ ಮೊದಲು ಮೆಂತ್ಯ, ಅದು ಕೆಂಪಗಾಗುವಾಗ ಕೊತ್ತಂಬರಿ, ಕೊನೆಗೆ ಜೀರಿಗೆ. ಜೀರಿಗೆ ಚಟಪಟ ಎಂದಕೂಡಲೇ ಇಳಿಸಬೇಕು, ಸೀದರೆ ಕಹಿ. ಶುಂಠಿಯನ್ನು ಜಜ್ಜಿ ಉಳಿದದ್ದರ ಜೊತೆ ಸೇರಿಸಿ ತರಿತರಿ ಪುಡಿ ಮಾಡಿ ಡಬ್ಬಿಗೆ ತುಂಬಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ. ಚೆನ್ನಾಗಿ ಕುದಿದ ಮೇಲೆ ಅರ್ಧ ಲೋಟ ಹಾಲು. ಬೆಲ್ಲ ಹಾಕಿದ ಮೇಲೆ ಹಾಲು ಹಾಕಿ ಮತ್ತೆ ಕುದಿಸಬೇಡಿ, ಒಡೆಯುತ್ತದೆ. ಕಾಫಿ ಕೊಡುವ ಬಿಸಿ, ಲೋಟ ಹಿಡಿದು ಕೂರುವ ಹೊತ್ತು ಎಲ್ಲವೂ ಇದರಲ್ಲಿದೆ. ಸಂಜೆ ನಾಲ್ಕೂವರೆಗೆ ನಮಗೆ ಬೇಕಾಗಿರುವುದು ಬಹುಪಾಲು ಅಷ್ಟೇ, ಕೆಫೀನಲ್ಲ. ಆಂಧ್ರದವರು ಒಣಶುಂಠಿ, ಬೆಲ್ಲ, ಮೆಣಸು ಕುದಿಸಿ 'ಶೊಂಠಿ ಕಾಫಿ' ಎನ್ನುತ್ತಾರೆ. ಕೆಲವರು ಅದಕ್ಕೆ ಕಾಫಿಪುಡಿಯನ್ನೂ ಹಾಕುತ್ತಾರೆ, ಕೇಳಿಕೊಂಡೇ ಕುಡಿಯಿರಿ.

ಬೆಳಗಿನ ವಾಕಿಂಗಿನವರಿಗೆ ವಿಜಯವಾಡದಲ್ಲಿ ರಾಗಿ ಜಾವ ಮಾರುವ ಗಾಡಿಗಳಿವೆ. ನಮ್ಮ ಅಂಬಲಿಯೇ ಅದು, ಮಜ್ಜಿಗೆ, ಹಸಿ ಈರುಳ್ಳಿ ಬೆರೆಸಿ ಕೊಡುತ್ತಾರೆ. ಆಂಧ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಶಾಲೆಯ ಮಕ್ಕಳಿಗೆ ವಾರಕ್ಕೆ ಮೂರು ದಿನ ರಾಗಿ ಜಾವ ಶುರು ಮಾಡಿತು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಶಾಲೆಗಳ ಕ್ಷೀರಭಾಗ್ಯದ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡತೊಡಗಿತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮಕ್ಕಳಿಗೆ ರಾಗಿ, ನಮಗೆ ಮಾತ್ರ ಟೀ ಎನ್ನುವುದು ಯಾವ ನ್ಯಾಯ? ಹನ್ನೊಂದು ಗಂಟೆಯ ಲೋಟಕ್ಕೆ ಇದಕ್ಕಿಂತ ಒಳ್ಳೆಯ ಬದಲಿ ನನಗೆ ಕಂಡಿಲ್ಲ.

ಇಲ್ಲಿನ ಬೇಸಿಗೆ ನಿಮಗೆ ಗೊತ್ತು. ರೋಹಿಣಿ ಮಳೆ ನಕ್ಷತ್ರದ ದಿನಗಳಲ್ಲಿ ಒರಳುಕಲ್ಲೇ ಬಿರಿಯುತ್ತದೆ ಎಂದು ತೆಲುಗರು ಹೇಳುತ್ತಾರೆ. ಆಗ ಬೀದಿಬೀದಿಗೆ ಚಲಿವೇಂದ್ರಂ ಏಳುತ್ತದೆ, ನಮ್ಮ ಅರವಟ್ಟಿಗೆಯ ಹಾಗೆ. ತಾಳೆಗರಿಯ ಚಪ್ಪರ, ಮರಳಿನ ಮೇಲೆ ಮಣ್ಣಿನ ಮಡಕೆ, ಕೆಲವು ಕಡೆ ನೀರಿನ ಜೊತೆ ಮಜ್ಜಿಗೆ. ಹಸಿಶುಂಠಿ, ಕರಿಬೇವು, ಉಪ್ಪು ಹಾಕಿದ ನೀರು ಮಜ್ಜಿಗೆಯ ಮುಂದೆ ಬಾಟಲಿಯ ಪಾನೀಯ ಏನೂ ಅಲ್ಲ. ನನ್ನಾರಿ ಶರಬತ್ತು ರಾಯಲಸೀಮೆಯಿಂದ ಬಳ್ಳಾರಿಯವರೆಗೆ ಸಿಗುತ್ತದೆ, ನಮ್ಮ ಸೊಗದೆ ಬೇರಿನದೇ. ಕರಾವಳಿಯವರಿಗೆ ಪುನರ್ಪುಳಿ ಇದೆ, ಎಳನೀರು ಎಲ್ಲರಿಗೂ ಇದೆ.

ಬದಲಿಯ ವೇಷದಲ್ಲಿ ಬರುವ ಕೆಲವನ್ನು ಮಾತ್ರ ನಂಬಬೇಡಿ. 'ಬೆಲ್ಲಂ ಟೀ' ಎಂಬ ಬೋರ್ಡು ಈಗ ಆಂಧ್ರದ ರಸ್ತೆಗಳಲ್ಲೆಲ್ಲ ಕಾಣುತ್ತದೆ. ಬೆಲ್ಲ ಬಂದಿತೆಂದು ಟೀ ಎಲ್ಲಿಗೂ ಹೋಗಿಲ್ಲ. ಗ್ರೀನ್ ಟೀಯಲ್ಲೂ ಕೆಫೀನಿದೆ, ಕೋಲಾದಲ್ಲಿದೆ, ಚಾಕೊಲೇಟಿನ ಬಣ್ಣದ ಪುಡಿಗಳಲ್ಲಿ ಸ್ವಲ್ಪವಾದರೂ ಇದೆ, ಜೊತೆಗೆ ಸಕ್ಕರೆ ಬೇಕಾದಷ್ಟಿದೆ. ಕಾಲೇಜು ಹುಡುಗರು ಪರೀಕ್ಷೆಯ ರಾತ್ರಿ ಕುಡಿಯುವ ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಇರಬಹುದೆಂದು ಕಾನೂನೇ ಹೇಳುತ್ತದೆ. 250 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಒಂದು ಲೋಟ ಗಟ್ಟಿ ಟೀಗಿಂತಲೂ ಹೆಚ್ಚು ಇರಬಹುದು. ಕೆಫೀನು ತೆಗೆದ ಕಾಫಿ ಜರ್ಮನಿಯ ಬ್ರೆಮೆನ್ನಿನಲ್ಲಿ ಲುಡ್ವಿಗ್ ರೊಸೆಲಿಯಸ್ ಎಂಬ ವ್ಯಾಪಾರಿಯಿಂದ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರುಕಟ್ಟೆಗೆ ಬಂದಿತು. ನಮ್ಮ ಊರುಗಳಲ್ಲಿ ಅದು ಇನ್ನೂ ದುಬಾರಿ.

ಕಾಫಿ ಬೆಳೆಯುವ ನಾಡಿನಿಂದ ಬಂದು ಕಾಫಿಯ ವಿರುದ್ಧ ಮಾತಾಡುತ್ತೀರಾ ಎಂದು ಯಾರಾದರೂ ಕೇಳಬಹುದು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಈ ಕಡೆ ವಿಶಾಖಪಟ್ಟಣದ ಮೇಲಿನ ಅರಕು ಕಣಿವೆಯಲ್ಲಿ ಗಿರಿಜನರು ಸಾವಯವವಾಗಿ ಬೆಳೆಯುವ ಅರೇಬಿಕಾ ಇದೆ. 2019ರ ಮಾರ್ಚ್‌ನಲ್ಲಿ ಅರಕು, ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ವಯನಾಡು, ಈ ಐದು ಕಾಫಿಗಳಿಗೆ ಒಟ್ಟಿಗೇ ಭೌಗೋಳಿಕ ಗುರುತು ಸಿಕ್ಕಿತು. ಅಂಥ ಕಾಫಿಯನ್ನು ದಿನಕ್ಕೆ ಐದು ಸಲ ಸಕ್ಕರೆ ಪಾಕದ ಹಾಗೆ ನುಂಗುವವರಿಗಿಂತ ಬೆಳಗ್ಗೆ ಒಂದು ಸಲ ರುಚಿ ನೋಡಿ ಕುಡಿದು, ಅದಕ್ಕೆ ಸರಿಯಾದ ಬೆಲೆ ಕೊಡುವವರಿಂದಲೇ ಬೆಳೆಗಾರರಿಗೆ ಹೆಚ್ಚು ಲಾಭ ಎಂದು ನನಗನ್ನಿಸುತ್ತದೆ.

ಕೊನೆಯದಾಗಿ ಹೋಟೆಲಿನವರಲ್ಲಿ ಒಂದು ಕೇಳಿಕೆ. ಆಂಧ್ರದ ಊರೂರುಗಳಲ್ಲಿ ಉಡುಪಿಯ ಹೆಸರು ಹೊತ್ತ ಹೋಟೆಲುಗಳಿವೆ. ಮಂಗಳೂರು, ಶಿವಮೊಗ್ಗ, ಶಿರಸಿಯ ಎಷ್ಟೋ ಹೋಟೆಲುಗಳ ಪಟ್ಟಿಯಲ್ಲಿ ಕಷಾಯ ಮೊದಲಿನಿಂದ ಇದೆ. ಘಟ್ಟ ದಾಟಿ ಇಷ್ಟು ದೂರ ಬಂದ ದೋಸೆಯ ಜೊತೆ ಅದೂ ಬರಬಹುದಿತ್ತು. ಕಾಫಿಯ ಬೆಲೆಗೇ ಕಷಾಯವನ್ನೂ ಬೋರ್ಡಿನ ಮೇಲೆ ಬರೆಯಿರಿ. ಗಿರಾಕಿ ಕೇಳದೆ ಯಾವ ಮಾಲೀಕರೂ ಬರೆಯುವುದಿಲ್ಲ, ಅದೂ ಗೊತ್ತು. ಆದ್ದರಿಂದ ಕೇಳುಗರೇ, ಮುಂದಿನ ಸಲ ಹೋಟೆಲಿನಲ್ಲಿ ಮಾಣಿ ಬಂದು 'ಕಾಫೀನಾ, ಟೀನಾ' ಎಂದಾಗ 'ಕಷಾಯ ಉಂಟಾ?' ಎಂದು ಒಮ್ಮೆ ಕೇಳಿಬಿಡಿ. ಇಲ್ಲ ಎಂದರೂ ಪರವಾಗಿಲ್ಲ, ಮತ್ತೊಮ್ಮೆ ಹೋದಾಗಲೂ ಕೇಳಿ.